ಮಳೆ ಹಿಡಿಯುವ ಮೊದಲು ಮಿರರ್ ಡಿಸ್ಕ್‌ಗಳ ಲೆಕ್ಕ: ನನ್ನ ಅನುಭವ

ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ಗ್ರೇಡ್ ಮಾಡುವ ಕಾರ್ಖಾನೆಯ, ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆಗಾರರು ತರುವ ಲಾಟ್‌ಗಳ ತೂಕ, ತೇವಾಂಶ, ಔಟ್‌ಟರ್ನ್ (ಕ್ಯೂರಿಂಗ್ ಮುಗಿದ ಮೇಲೆ ಸಿಗುವ ಬೀಜದ ಪ್ರಮಾಣ), ಗ್ರೇಡ್, ಬಿಲ್ಲು ಎಲ್ಲವೂ ಮಿರರ್ ಮಾಡಿದ ವಾಲ್ಯೂಮ್‌ಗಳಲ್ಲಿವೆ. ಒಂದೇ ಬರಹ ಎರಡು ಡಿಸ್ಕ್‌ಗೆ ಹೋಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ನಾನು ಮೊದಲು ಕೇಳಿಕೊಳ್ಳುವುದು ಬೇರೆ: ಒಂದು ಕೆಟ್ಟ ಮೇಲೆ ಉಳಿದ ಡಿಸ್ಕ್ ಎಷ್ಟು ಹೊತ್ತು ಒಂಟಿಯಾಗಿ ಓಡಬೇಕು? ಜಾಗ, ಸ್ಪೇರ್, ಮೇಂಟೆನೆನ್ಸ್ ದಿನಾಂಕ ಮೂರನ್ನೂ ನಾನು ಈ ಉತ್ತರ ನೋಡಿಯೇ ನಿರ್ಧರಿಸುತ್ತೇನೆ.

ಹೊಸ ಡಿಸ್ಕ್‌ಗೆ ಹಳೆಯದರಿಂದ ಎಲ್ಲವನ್ನೂ ನಕಲು ಮಾಡುವುದು ರೀಸಿಂಕ್. 4 ಟಿಬಿ ಡಿಸ್ಕ್, ಸೆಕೆಂಡಿಗೆ 150 ಎಂಬಿ ವೇಗ ಅಂದರೆ ಏಳೂವರೆ ಗಂಟೆ. ಹಗಲಿನ ಕೆಲಸದ ನಡುವೆ ವೇಗ 30 ಎಂಬಿಗೆ ಇಳಿದರೆ ಅದೇ ಡಿಸ್ಕ್‌ಗೆ 37 ಗಂಟೆ ಬೇಕು. ಬೆಂಗಳೂರಿನಲ್ಲಿ ಲೆಕ್ಕ ಇಲ್ಲಿಗೆ ಮುಗಿಯಬಹುದು, ನಮ್ಮಲ್ಲಿ ಮುಗಿಯುವುದಿಲ್ಲ. ಡಿಸ್ಕ್ ಇಲ್ಲಿಗೆ ಬಂದು ಮುಟ್ಟುವ ಸಮಯವನ್ನೂ ಕೂಡಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತ್ತು. ಅಂಥ ದಿನಗಳಲ್ಲಿ ಕೊರಿಯರ್‌ನವರನ್ನು ನಂಬಿ ಕೂರಲಾಗದು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ ಕೂಡಿಹಾಕುವ ಹಾಗೆ ನಾನು ಮೇ ಒಳಗೆ ಡಿಸ್ಕ್ ತಂದಿಟ್ಟಿರುತ್ತೇನೆ.

ಸ್ಪೇರ್ ಎರಡು ಬಗೆ ಇಟ್ಟಿದ್ದೇನೆ. ಒಂದು ಸರ್ವರ್ ಪೆಟ್ಟಿಗೆಯೊಳಗೇ ಸಿದ್ಧವಾಗಿರುವ ಹಾಟ್ ಸ್ಪೇರ್. ನಮ್ಮಲ್ಲಿರುವ ಮೂರು ಮಿರರ್ ಜೋಡಿಗಳಿಗೂ ಅದೊಂದೇ. ಯಾವ ಜೋಡಿ ಮುರಿದರೂ ಮಿರರ್ ನೋಡಿಕೊಳ್ಳುವ ಲಿನಕ್ಸ್‌ನ ಎಂಡಿಎಡಿಎಂ ಪ್ರೋಗ್ರಾಂ ಅದನ್ನು ಅಲ್ಲಿಗೆ ಸರಿಸುತ್ತದೆ. ಆದರೆ ಡಿಸ್ಕ್‌ಗಳ ಮೇಲೆ ನಿಗಾ ಇಡುವ ಅದರ ಮಾನಿಟರ್ ಓಡುತ್ತಿರಬೇಕು, ಮೂರೂ ಜೋಡಿ ಒಂದೇ ಸ್ಪೇರ್ ಗುಂಪಿನಲ್ಲಿರಬೇಕು. ಇನ್ನೊಂದು ಕಪಾಟಿನಲ್ಲಿ, ಆಂಟಿಸ್ಟ್ಯಾಟಿಕ್ ಕವರಿನೊಳಗೆ ಸಿಲಿಕಾ ಜೆಲ್ ಜೊತೆ. ಕಪಾಟಿಗೆ ಸೇರಿಸುವ ಮೊದಲು ಡಿಸ್ಕ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುವ ಲಾಂಗ್ ಸೆಲ್ಫ್ ಟೆಸ್ಟ್ ಓಡಿಸುತ್ತೇನೆ. ಪರೀಕ್ಷೆ ಮಾಡದ ಸ್ಪೇರನ್ನು ನಾನು ಸ್ಪೇರ್ ಎಂದೇ ಎಣಿಸುವುದಿಲ್ಲ. ಒಂದೇ ಜೋಡಿಯ ಎರಡು ಡಿಸ್ಕ್ ಒಂದೇ ಬ್ಯಾಚಿನವು ಆಗದ ಹಾಗೆಯೂ ನೋಡಿಕೊಳ್ಳುತ್ತೇನೆ, ಯಾಕೆಂದರೆ ಒಟ್ಟಿಗೆ ತಯಾರಾಗಿ ಒಂದೇ ರೀತಿ ದುಡಿದವು ಹತ್ತಿರ ಹತ್ತಿರದಲ್ಲೇ ಕೆಡುವ ಸಾಧ್ಯತೆ ಹೆಚ್ಚು.

ಈಗ ಜಾಗ. ಪೆಟ್ಟಿಗೆಯಲ್ಲಿ 4 ಟಿಬಿಯ 7 ಡಿಸ್ಕ್, ಅಂದರೆ 28 ಟಿಬಿ. ಸ್ಪೇರ್ ಬಿಟ್ಟರೆ 24, ಮಿರರ್ ಆದ್ದರಿಂದ 12. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಸಿಸ್ಟಮ್ 1024ರದ್ದು. ಹಾಗಾಗಿ ಪರದೆಯಲ್ಲಿ ಕಾಣುವುದು 10.9. ಅದರಲ್ಲಿ ಶೇಕಡ 15 ಭಾಗವನ್ನು ಎಲ್‌ವಿಎಂ (ಡಿಸ್ಕ್ ಜಾಗ ಹಂಚಿಕೊಡುವ ಲಿನಕ್ಸ್ ವ್ಯವಸ್ಥೆ) ಸ್ನ್ಯಾಪ್‌ಶಾಟ್‌ಗಳಿಗೆ, ಅಂದರೆ ಬ್ಯಾಕಪ್‌ಗಾಗಿ ಹಿಡಿದಿಡುವ ಆ ಕ್ಷಣದ ಪ್ರತಿಗಳಿಗೆ, ಬಿಡುತ್ತೇನೆ. ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ತುಂಬಿಬಿಟ್ಟರೆ ಅದು ಕೆಲಸಕ್ಕೆ ಬಾರದು, ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ. ಉಳಿದದ್ದರಲ್ಲಿ ಮುಕ್ಕಾಲು ತುಂಬಿದಾಗ ಎಚ್ಚರಿಕೆಯ ಗೆರೆ. ಆ ಗೆರೆ ಬೀಳುವುದು ಸುಮಾರು 7ಕ್ಕೆ. ಮ್ಯಾನೇಜರ್ ಈ ಹಾಳೆ ನೋಡಿ, "ಇಪ್ಪತ್ತೆಂಟಕ್ಕೆ ದುಡ್ಡು ಕೊಟ್ಟು ಏಳು ಬಳಸೋದಾ?" ಅಂದರು. "ಏಳು ಮುಟ್ಟಿದ ದಿನ ಹೊಸ ಡಿಸ್ಕ್‌ಗೆ ಆರ್ಡರ್ ಹಾಕೋದು ಸಾರ್. ಬಿಲ್ಲಿಂಗ್ ನಿಲ್ಲೋ ದಿನ ಹಾಕೋದಲ್ಲ" ಅಂದೆ. ಸಹಿ ಹಾಕಿಕೊಟ್ಟರು.

ವರ್ಷದ ಸರಾಸರಿ ಬೆಳವಣಿಗೆ ನಮ್ಮಂಥ ಕಡೆ ದಾರಿ ತಪ್ಪಿಸುತ್ತದೆ. ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯುವವರೆಗೆ ಡೇಟಾ ಏರಿದ್ದೇ ಏರಿದ್ದು, ಮಳೆಗಾಲದಲ್ಲಿ ಅಲುಗಾಡುವುದಿಲ್ಲ. ಹನ್ನೆರಡರಿಂದ ಭಾಗಿಸಿದರೆ ಗೆರೆ ಮೇ ತಿಂಗಳಿಗೆ ಮುಟ್ಟುತ್ತದೆ ಅನ್ನಿಸಬಹುದು, ನಿಜವಾಗಿ ಫೆಬ್ರವರಿಗೇ ಮುಟ್ಟಿರುತ್ತದೆ. ಆದ್ದರಿಂದ ಹಿಂದಿನ ಸೀಸನ್‌ನ ಏರಿಕೆಯನ್ನಷ್ಟೇ ತೆಗೆದು ಮುಂದಿನ ಸೀಸನ್‌ಗೆ ಹೊಂದಿಸುತ್ತೇನೆ. ಸಿಸಿ ಕ್ಯಾಮೆರಾ ರೆಕಾರ್ಡಿಂಗ್‌ಗೆ ಮಿರರ್‌ನಲ್ಲಿ ಜಾಗವಿಲ್ಲ. ಕೆಲವು ವಾರಗಳಲ್ಲಿ ತಾನೇ ಅಳಿಸಿಹೋಗುವ ವಿಡಿಯೋಗೆ ಎರಡು ಡಿಸ್ಕ್‌ನ ಬೆಲೆ ತೆರುವುದು ನನಗೆ ಒಪ್ಪಿಗೆಯಿಲ್ಲ.

ಮೇಂಟೆನೆನ್ಸ್‌ನಲ್ಲಿ ನಾನು ಯಾವತ್ತೂ ಬಿಡದ ಕೆಲಸ ತಿಂಗಳ ಚೆಕ್. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಅದು ತಿಂಗಳ ಮೊದಲ ಭಾನುವಾರ ತಾನೇ ಓಡುತ್ತದೆ, ನಮಗೂ ಅಂದು ರಜೆ. ಎರಡೂ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಒಂದರಲ್ಲಿ ಓದಲಾಗದ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಸಿಕ್ಕರೆ ಇನ್ನೊಂದರಿಂದ ತಂದು ಬರೆಯುತ್ತದೆ. ಈ ಚೆಕ್ ಇಲ್ಲದಿದ್ದರೆ ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಲಾಟ್‌ನ ಫೈಲಿನಡಿ ಕೆಟ್ಟ ಸೆಕ್ಟರ್ ಸುಮ್ಮನೆ ಕೂತಿರುತ್ತದೆ. ಜೊತೆಗಾರ ಡಿಸ್ಕ್ ಕೆಟ್ಟು ರೀಸಿಂಕ್ ನಡೆಯುವಾಗ ಅದು ಎದುರಾದರೆ ನಕಲು ತರಲು ಇನ್ನೊಂದು ಕಡೆಯೇ ಇರುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ, ಕೆಟ್ಟ ಸೆಕ್ಟರ್‌ಗಳ ಲೆಕ್ಕ ಕೊಡುವ 5, 197, 198ನೇ ಸಾಲುಗಳನ್ನು ವಾರಕ್ಕೊಮ್ಮೆ ನೋಡುತ್ತೇನೆ. 197 (ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು) ಏರುತ್ತಾ ಹೋದರೆ ಆ ಡಿಸ್ಕ್ ಪೂರ್ತಿ ಸಾಯಲಿ ಎಂದು ಕಾಯುವುದಿಲ್ಲ.

ಆಗ ಹಳೆಯದನ್ನು ಮೊದಲೇ ಕಿತ್ತುಹಾಕಬಾರದು. ಹೊಸದನ್ನು ಸೇರಿಸಿ 'ರಿಪ್ಲೇಸ್' ಆದೇಶ ಕೊಟ್ಟರೆ ಹಳೆಯದು ಜೋಡಿಯಲ್ಲಿರುವಾಗಲೇ ನಕಲು ನಡೆಯುತ್ತದೆ, ಒಂಟಿ ಓಟವೇ ತಪ್ಪುತ್ತದೆ. ಜೋಡಿ ಸರಿಯಿದ್ದರೆ ಪರದೆಯಲ್ಲಿ ಎರಡು 'ಯು' (ಇಂಗ್ಲಿಷ್ ಅಕ್ಷರ U) ಕಾಣುತ್ತವೆ. ಒಂದರ ಜಾಗದಲ್ಲಿ ಅಡಿಗೆರೆ ಬಂದಿದ್ದರೆ ಒಂದು ಡಿಸ್ಕ್ ಜೋಡಿಯಿಂದ ಹೊರಬಿದ್ದಿದೆ ಎಂದರ್ಥ, ಆಗ ಟ್ರೇಗೆ ಕೈ ಹಾಕುವ ಮುನ್ನ ನಿಲ್ಲಬೇಕು. ಪ್ರತಿ ಟ್ರೇಯ ಮುಖಕ್ಕೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳ ಚೀಟಿ ಅಂಟಿಸಿದ್ದೇನೆ. ಒಬ್ಬರು ಪರದೆಯಿಂದ ಓದುತ್ತಾರೆ, ಇನ್ನೊಬ್ಬರು ಚೀಟಿ ನೋಡಿ ಜೋರಾಗಿ ಹೇಳುತ್ತಾರೆ, ಆಮೇಲೆಯೇ ಟ್ರೇ ಹೊರಗೆ. ಒಂಟಿಯಾಗಿ ಉಳಿದ ಒಳ್ಳೆಯ ಡಿಸ್ಕನ್ನೇ ಎಳೆದರೆ ಆ ಜೋಡಿ ಅಲ್ಲಿಗೆ ನಿಂತುಹೋಗುತ್ತದೆ.

ಜೂನ್ ನಂತರ ಕರೆಂಟು ಹೋಗಿಬರುವುದು ಮಾಮೂಲು. ರೈಟ್ ಇಂಟೆಂಟ್ ಬಿಟ್‌ಮ್ಯಾಪ್ (ಎಲ್ಲಿ ಬರೆಯಲಾಗುತ್ತಿದೆ ಎಂಬ ಗುರುತು) ಹಾಕಿಟ್ಟಿರುವುದರಿಂದ ಸರ್ವರ್ ಹಠಾತ್ತನೆ ನಿಂತರೂ ಆ ಹೊತ್ತಿಗೆ ಬರೆಯುತ್ತಿದ್ದ ಭಾಗಗಳಷ್ಟೇ ರೀಸಿಂಕ್ ಆಗುತ್ತವೆ. ಯುಪಿಎಸ್ ಬ್ಯಾಟರಿ ಬದಲಾವಣೆಯನ್ನೂ ಬೇಸಿಗೆಗೇ ಹಾಕಿಕೊಂಡಿದ್ದೇನೆ.

ಮಿರರ್ ಬ್ಯಾಕಪ್ ಅಲ್ಲ ಎಂಬುದನ್ನು ನಮ್ಮ ಊರಿನಲ್ಲಿ ಎರಡು ಸಲ ಹೇಳಬೇಕು. ಯಾರೋ ಅಳಿಸಿದ ಫೈಲು ಎರಡೂ ಡಿಸ್ಕ್‌ನಿಂದ ಒಟ್ಟಿಗೇ ಹೋಗುತ್ತದೆ. 2018 ಮತ್ತು 2019ರಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಹಾಗೆ ನೀರು ಬಂದರೆ ಎರಡು ಡಿಸ್ಕೂ ಒಂದೇ ಪೆಟ್ಟಿಗೆಯಲ್ಲಿ ಮುಳುಗುತ್ತವೆ. ಅದಕ್ಕೇ ಸರ್ವರ್ ಮೇಲಿನ ಮಹಡಿಯಲ್ಲಿದೆ, ರಾತ್ರಿಯ ಬ್ಯಾಕಪ್ ಮೈಸೂರಿಗೆ ಹೋಗುತ್ತದೆ.

ಮುಂದಿನ ಬೇಸಿಗೆಗೆ ಒಂದು ಜೋಡಿಯನ್ನು 8 ಟಿಬಿಗೆ ಏರಿಸಬೇಕು, ಆ ಜೋಡಿಗೆ ಹೊಂದಲು ಸ್ಪೇರ್ ಕೂಡ 8ರದ್ದೇ ಆಗಬೇಕು. ಒಂದೊಂದೇ ಡಿಸ್ಕ್ ಬದಲಿಸಿ, ಎರಡೂ ಬದಲಾದ ಮೇಲೆ ಮಿರರ್ ಹಿಗ್ಗಿಸಿ, ಆಮೇಲೆ ಎಲ್‌ವಿಎಂ. ಡಿಸ್ಕ್‌ಗಳ ಕೊಟೇಶನ್ ಈಗಾಗಲೇ ಕೇಳಿದ್ದೇನೆ.