ರಾತ್ರಿ ಪಾಳಿಯಲ್ಲಿ ತುರ್ತು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಕ್ರಮ

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬರುವ ಶುಶ್ರೂಷಣಾಧಿಕಾರಿಗಳು, ವೈದ್ಯರು ‘ರೆಫರ್ ಮಾಡಿ’ ಎಂದೊಡನೆ ಚೀಟಿ ಬರೆಯಲು ಕೂರುತ್ತಾರೆ. ಚೀಟಿಗಿಂತ ಮೊದಲು ಫೋನು. 108ಕ್ಕೆ ಕರೆ ಮಾಡಿದ ಕೂಡಲೇ, ಸೇರಿಸಿಕೊಳ್ಳುವ ಆಸ್ಪತ್ರೆಯ ಡ್ಯೂಟಿ ವೈದ್ಯರೊಂದಿಗೆ ನಮ್ಮ ವೈದ್ಯರೇ ಮಾತನಾಡುವಂತೆ ನೋಡಿಕೊಳ್ಳಿ. ‘ಕಳುಹಿಸಿ’ ಎಂದವರ ಹೆಸರನ್ನೂ ಸಮಯವನ್ನೂ ಕೇಸ್ ಶೀಟಿನಲ್ಲಿ ಬರೆದಿಡಿ. ವೆಂಟಿಲೇಟರ್ ಖಾಲಿ ಇದೆಯೇ, ರಕ್ತಸ್ರಾವವಾಗುತ್ತಿರುವ ಬಾಣಂತಿಗೆ ಹೊಂದುವ ರಕ್ತ ಅಲ್ಲಿ ಸಿಗುತ್ತದೆಯೇ ಎಂದು ವಿಚಾರಿಸದೆ ಕಳುಹಿಸಿದರೆ, ಘಟ್ಟ ಇಳಿದು ಎರಡು ಗಂಟೆ ಪ್ರಯಾಣ ಮಾಡಿದವರು ಬಾಗಿಲಿನಿಂದಲೇ ಇನ್ನೊಂದು ಊರಿನ ದಾರಿ ಹಿಡಿಯಬೇಕಾಗುತ್ತದೆ.

ಆಂಬುಲೆನ್ಸ್ ಬರುವುದರೊಳಗೆ ಆಮ್ಲಜನಕದ ಲೆಕ್ಕ ಹಾಕಿ. ಹತ್ತು ಲೀಟರ್ ಗಾತ್ರದ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿ ಸುಮಾರು 1500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರ್ ಕೊಡುತ್ತಿದ್ದರೆ ಅದು 150 ನಿಮಿಷ ಬರುತ್ತದೆ; ಮಾಪಕದ ಮುಳ್ಳು ಅರ್ಧಕ್ಕಿದ್ದರೆ 75 ನಿಮಿಷ ಮಾತ್ರ. ಎರಡು ಗಂಟೆಯ ದಾರಿಗೆ ಅರ್ಧ ಸಿಲಿಂಡರ್ ಸಾಲದು. ನನ್ನ ಸೇವೆಯ ಎರಡನೆಯ ವರ್ಷ, ಶ್ವಾಸಕೋಶದಲ್ಲಿ ನೀರು ತುಂಬಿದ್ದ ಅಜ್ಜರೊಬ್ಬರನ್ನು ಎರಡು ಸಿಲಿಂಡರ್ ಹಾಕಿಸಿಯೇ ಕಳುಹಿಸಿದ್ದೆ. ಆದರೆ ಅವನ್ನು ತೆರೆಯುವ ಕೀಲಿ ನಮ್ಮ ವಾರ್ಡಿನ ಮೇಜಿನ ಮೇಲೆಯೇ ಉಳಿದಿತ್ತು. ಸುರಿಯುವ ಮಳೆಯಲ್ಲಿ, ದಾರಿಯಲ್ಲಿ ಸಿಕ್ಕ ಆರೋಗ್ಯ ಕೇಂದ್ರದ ಬಾಗಿಲು ಬಡಿದು ಕೀಲಿ ಪಡೆಯಬೇಕಾಯಿತು. ಅಂದಿನಿಂದ ಕೀಲಿಯನ್ನು ದಾರದಿಂದ ಸಿಲಿಂಡರಿನ ಕುತ್ತಿಗೆಗೇ ಕಟ್ಟುತ್ತೇನೆ. ನೀವೂ ಕಟ್ಟಿ.

ಗರ್ಭಿಣಿಗೆ ಫಿಟ್ಸ್ ಬಂದು ವೈದ್ಯರ ಆದೇಶದಂತೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿದ್ದರೆ, ಚೀಟಿಯಲ್ಲಿ ‘ಇಂಜೆಕ್ಷನ್ ಕೊಡಲಾಗಿದೆ’ ಎಂದಷ್ಟೇ ಬರೆಯಬೇಡಿ. ನರಕ್ಕೆ 4 ಗ್ರಾಂ, ಎರಡೂ ಪೃಷ್ಠಗಳಿಗೆ ತಲಾ 5 ಗ್ರಾಂ ಎಂದು ಬಿಡಿಬಿಡಿಯಾಗಿ, ಕೊಟ್ಟ ಗಂಟೆ ನಿಮಿಷಗಳ ಸಮೇತ ಬರೆಯಿರಿ. ಇಲ್ಲವಾದರೆ ಅಲ್ಲಿನವರು ಮೊದಲ ಡೋಸನ್ನೇ ಮತ್ತೊಮ್ಮೆ ಕೊಡುವ ಅಪಾಯವಿದೆ. ಮೊಣಕಾಲಿನ ಪ್ರತಿಕ್ರಿಯೆ, ಉಸಿರಾಟದ ವೇಗ, ಮೂತ್ರದ ಪ್ರಮಾಣ ಈ ಮೂರನ್ನೂ ನಮೂದಿಸಿ, ಮೆಗ್ನೀಸಿಯಂ ಹೆಚ್ಚಾದರೆ ಕೊಡುವ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಆಂಪ್ಯೂಲನ್ನು ಜೊತೆಯಲ್ಲೇ ಕೊಡಿ. ತಾಯಿಯನ್ನು ಎಡ ಮಗ್ಗುಲಿಗೆ ಮಲಗಿಸಿ. ತಾಯಿ ಕಾರ್ಡ್ ಮತ್ತು ರಕ್ತದ ಗುಂಪಿನ ವರದಿ ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ತಂತ್ರಜ್ಞರ (ಇಎಂಟಿ) ಕೈಗೇ ಹೋಗಲಿ; ಗಾಬರಿಯಲ್ಲಿರುವ ಮನೆಯವರ ಚೀಲದಲ್ಲಿ ಅವು ಕಳೆದುಹೋಗುತ್ತವೆ.

ಮನೆಯವರಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು, ಯಾವ ಆಸ್ಪತ್ರೆ, ಏಕೆ, ದಾರಿಯಲ್ಲಿ ಏನಾಗಬಹುದು ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ‘ಏನೂ ಆಗುವುದಿಲ್ಲ’ ಎಂದು ಭರವಸೆ ಕೊಡಬೇಡಿ.

ಗಾಡಿ ಹೊರಟ ನಿಮಿಷದಲ್ಲೇ ಅಲ್ಲಿನ ತುರ್ತು ವಿಭಾಗದ ಸಿಸ್ಟರ್‌ಗೆ ಫೋನು ಮಾಡಿ, ಕಡೆಯದಾಗಿ ನೋಡಿದ ನಾಡಿ, ಬಿಪಿ ಮತ್ತು ಆಮ್ಲಜನಕದ ಮಟ್ಟವನ್ನು ಓದಿ ಹೇಳಿ, ಅವರಿಂದ ಮರಳಿ ಹೇಳಿಸಿಕೊಳ್ಳಿ. ತಲುಪಬೇಕಾದ ಹೊತ್ತು ಮೀರಿದರೆ ಇಎಂಟಿಗೆ ನೀವೇ ಕರೆ ಮಾಡಿ. ರೋಗಿಯನ್ನು ಅಲ್ಲಿನವರು ವಹಿಸಿಕೊಂಡರೆಂದು ಕೇಳಿದ ಮೇಲೆ, ಆ ಸಮಯವನ್ನು ಬರೆದು ರೆಫರಲ್ ರಿಜಿಸ್ಟರಿನ ಆ ಸಾಲಿಗೆ ಸಹಿ ಹಾಕಿ.