ಟ್ರ್ಯಾಕ್ಟರ್ ಗಾಲಿಗೆ ಹಿಮದ ಸರಪಳಿ ಆರಿಸಿದ ನನ್ನ ಅನುಭವ

ಮೊದಲ ಚಳಿಗಾಲದಲ್ಲಿ ನಾನು ಹಿಂದಿನ ಟೈರಿನ ಬದಿಯಲ್ಲಿ ಅಚ್ಚೊತ್ತಿದ್ದ 14.9-28 ಎಂಬ ಸಂಖ್ಯೆಯನ್ನಷ್ಟೇ ಬರೆದುಕೊಂಡು ಹೋಗಿ, ಹಿಮದಲ್ಲಿ ಜಾರದಂತೆ ಗಾಲಿಗೆ ಸುತ್ತುವ ಸರಪಳಿ ಕೊಂಡೆ. ಟೈರಿನ ಅಗಲ 14.9 ಇಂಚು, ರಿಮ್ಮಿನ ವ್ಯಾಸ 28 ಇಂಚು; ಇಷ್ಟು ಹೊಂದಿದರೆ ಸಾಕೆಂಬುದು ನನ್ನ ಎಣಿಕೆಯಾಗಿತ್ತು. ಸರಪಳಿ ಗಾಲಿಗೆ ಸರಿಯಾಗಿಯೇ ಕೂತಿತು, ಆದರೆ ಹಿಮ ತುಳಿದು ಗಟ್ಟಿಯಾಗಿದ್ದ ಏರಿನಲ್ಲಿ ಗಾಲಿ ನಿಂತಲ್ಲೇ ಸುತ್ತತೊಡಗಿತು. ಇಳಿದು ನೋಡಿದರೆ, ಅಡ್ಡ ಸರಪಳಿಗಳೆಲ್ಲ ಟೈರಿನ ಹಲ್ಲುಗಳ ನಡುವಿನ ಸಂದಿಗೆ ಇಳಿದು ಅಡಗಿದ್ದವು. ನೆಲ ಮುಟ್ಟುತ್ತಿದ್ದುದು ಬರಿಯ ರಬ್ಬರು.

ನಾನು ಕೊಂಡಿದ್ದು, ಟೈರಿನ ಎರಡೂ ಬದಿಯ ಸರಪಳಿಗಳ ನಡುವೆ ಮೆಟ್ಟಿಲಿನಂತೆ ಅಡ್ಡ ಸರಪಳಿಗಳಿರುವ ಏಣಿ ಮಾದರಿಯದು, ಅದರಲ್ಲಿಯೂ ಬದಿ ಸರಪಳಿಯ ನಾಲ್ಕು ಕೊಂಡಿಗೊಂದರಂತೆ ಅಡ್ಡ ಸರಪಳಿ ಇದ್ದದ್ದು. ಹಲ್ಲುಗಳು ಒತ್ತಾಗಿರುವ, ಆಳವಿಲ್ಲದ ಟೈರಿಗೆ ಅದು ನಡೆದೀತು. ಉಳುಮೆಯ ಟೈರಿನಂತೆ ಎತ್ತರದ ಹಲ್ಲುಗಳು ದೂರದೂರವಿದ್ದಲ್ಲಿ ನಡೆಯುವುದಿಲ್ಲ. ಎರಡು ಕೊಂಡಿಗೊಂದು ಅಡ್ಡ ಸರಪಳಿಯಿದ್ದರೆ ಒಂದಲ್ಲ ಒಂದು ಹಲ್ಲಿನ ಮೇಲೆ ನಿಲ್ಲುತ್ತದೆ. ಆದರೂ ಎರಡನೆಯ ಸಲ ನಾನು ಆರಿಸಿದ್ದು ಬಲೆಯಂತೆ ಹೆಣೆದ ಮಾದರಿಯನ್ನು. ಅದರ ಕೊಂಡಿಗಳು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಸಂದಿಗೆ ಬೀಳುವುದಿಲ್ಲ. ಮೇಲಾಗಿ, ಅಡ್ಡ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಪಕ್ಕಕ್ಕೆ ಜಾರುವುದನ್ನು ಏಣಿ ಮಾದರಿ ಅಷ್ಟಾಗಿ ತಡೆಯದು, ಬಲೆ ತಡೆಯುತ್ತದೆ. ತೂಕ ಹೆಚ್ಚು, ಒಬ್ಬನೇ ಎತ್ತಿ ಹಾಕುವಾಗ ಸೊಂಟಕ್ಕೆ ಅದು ತಿಳಿಯುತ್ತದೆ.

ಕೊಳ್ಳುವ ಮುನ್ನ ಈ ಸಲ ಜಾಗ ಅಳೆದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ, ಅದಕ್ಕಿಂತ ಮುಖ್ಯವಾಗಿ ಒಳಬದಿಯಲ್ಲಿ ಟೈರಿಗೂ ಲೋವರ್ ಲಿಂಕಿಗೂ (ಹಿಂದಿನ ಉಪಕರಣವನ್ನು ಹಿಡಿದೆತ್ತುವ ಕೆಳಗಿನ ತೋಳು) ನಡುವೆ ಎಷ್ಟು ತೆರವಿದೆಯೆಂದು, ಹಿಂದಿನ ಉಪಕರಣವನ್ನು ಎತ್ತಿ, ಇಳಿಸಿ, ಪಕ್ಕಕ್ಕೆ ತಳ್ಳಿ ನೋಡಿದೆ. ನಿಂತ ಗಾಡಿಯಲ್ಲಿ ಸಾಲುತ್ತದೆಂದು ಕಂಡ ಜಾಗ, ಉಪಕರಣ ಓಲಾಡಿದಾಗ ಅರ್ಧಕ್ಕಿಳಿಯಿತು. ರಿಮ್ಮನ್ನು ತಿರುಗಿಸಿ ಹಾಕಿ ಗಾಲಿಗಳನ್ನು ಹೊರಕ್ಕೆ ಸರಿಸಲು ನನ್ನ ಟ್ರ್ಯಾಕ್ಟರಿನಲ್ಲಿ ಅವಕಾಶವಿದ್ದುದರಿಂದ ಬಚಾವಾದೆ. ಇಲ್ಲದಿದ್ದರೆ ತೆಳುವಾದ ಕೊಂಡಿಯ ಸರಪಳಿಗೇ ಒಪ್ಪಿಕೊಳ್ಳಬೇಕಿತ್ತು.

ಕೊಂಡಿಯ ಮೇಲೆ ಚೂಪಾದ ಉಕ್ಕಿನ ತುಂಡು ಬೆಸೆದಿರುವ ಸರಪಳಿಗಳೂ ಸಿಗುತ್ತವೆ. ನುಣುಪು ಮಂಜುಗಡ್ಡೆಯನ್ನು ಅವು ಕಚ್ಚಿ ಹಿಡಿಯುತ್ತವೆ, ಹಾಗೆಯೇ ಡಾಂಬರನ್ನೂ ಕೀಳುತ್ತವೆ. ನನ್ನ ಕೆಲಸದ ಹೆಚ್ಚಿನ ಪಾಲು ಮಣ್ಣುದಾರಿಯಲ್ಲಿ ಇರುವುದರಿಂದ ಅವನ್ನೇ ತೆಗೆದುಕೊಂಡೆ. ನನ್ನದು ಹಿಂದಿನ ಗಾಲಿಗಳಷ್ಟೇ ಎಳೆಯುವ ಟ್ರ್ಯಾಕ್ಟರು, ಬ್ರೇಕೂ ಅಲ್ಲಿಯೇ. ಹಾಗಾಗಿ ಮುಂದಿನ ಗಾಲಿಗೆ ಸರಪಳಿ ಹಾಕಲಿಲ್ಲ. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ಮುಂದಕ್ಕೂ ಹಾಕುವವರು ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಜಾಗ ನೋಡಿಕೊಳ್ಳಬೇಕು.

ಹಾಕುವಾಗ ಕೊಕ್ಕೆಗಳ ತುದಿ ಟೈರಿನ ಕಡೆಗಲ್ಲದೆ ಹೊರಮುಖವಾಗಿರಬೇಕು, ಇಲ್ಲವಾದರೆ ಬದಿಯ ರಬ್ಬರನ್ನು ಅವು ಕೊರೆಯುತ್ತವೆ. ಮೊದಲ ಬಿಗಿತ ನಿಲ್ಲುವುದೂ ಇಲ್ಲ: ಸ್ವಲ್ಪ ದೂರ ನಿಧಾನವಾಗಿ ಓಡಿಸಿ ನಿಲ್ಲಿಸಿದಾಗ ಪ್ರತಿಸಲವೂ ಒಂದೆರಡು ಕೊಂಡಿಯಷ್ಟು ಸಡಿಲ ಸಿಕ್ಕಿದೆ, ಅದನ್ನು ಎಳೆದು ಬಿಗಿದ ಮೇಲೆಯೇ ಹಿಮ ತಳ್ಳುವ ಬ್ಲೇಡನ್ನು ನೆಲಕ್ಕಿಳಿಸುತ್ತೇನೆ.