ಹೀಟರ್ ಓಡುವ ಮನೆಯಲ್ಲಿ ಬದನೆ ಒಟ್ಲು

ನಾವಿರುವ ಮಿನಿಯಾಪೊಲಿಸ್‌ನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಹೋಗಬೇಕಾದರೆ ಮೇ ಅರ್ಧ ಕಳೆಯಬೇಕು. ಅಷ್ಟು ಹೊತ್ತಿಗೆ ಬದನೆ ಸಸಿಗೆ ಎಂಟು ಹತ್ತು ವಾರ ಆಗಿರಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವ ಹೊತ್ತಿಗೆ ಮತ್ತೆ ಚಳಿ ಶುರು. ಹಾಗಾಗಿ ಮಾರ್ಚ್‌ನಲ್ಲೇ ಮನೆಯೊಳಗೆ ಬೀಜ ಹಾಕಿ ಒಟ್ಲು (ನಾಟಿಗೆ ಸಸಿ ಬೆಳೆಸುವ ಪಾತಿ) ಮಾಡಬೇಕು, ಆಗ ಹೀಟರ್ ದಿನವಿಡೀ ಓಡುತ್ತಿರುತ್ತದೆ.

ಮೊದಲ ವರ್ಷ ಬೆಚ್ಚಗಿರಲಿ ಅಂತ ಟ್ರೇಯನ್ನು ಬಿಸಿಗಾಳಿ ಬರುವ ಜಾಲರಿ ಪಕ್ಕದಲ್ಲೇ ಇಟ್ಟೆ. 24 ಬೀಜದಲ್ಲಿ ಮೂರು ವಾರಕ್ಕೆ ಹುಟ್ಟಿದ್ದು ಐದು. ಹತ್ತು ಡಾಲರಿನ ಮೀಟರ್ ತಂದು ನೋಡಿದರೆ ಗಾಳಿಯ ತೇವ ಬರೀ 18%. ಅದಕ್ಕಿಂತ ಆಶ್ಚರ್ಯ ಆಗಿದ್ದು ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದಾಗ: ಕೋಣೆ 21 ಡಿಗ್ರಿ, ಮಣ್ಣು 17! ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಊರಲ್ಲಿ ಮಡಕೆ ನೀರು ತಂಪಾಗುವುದು ಹೀಗೇ ಅಲ್ವಾ. ಒಣ ಗಾಳಿ ಮಣ್ಣಿನ ನೀರು ಹೀರುತ್ತಾ ಹೀರುತ್ತಾ ಮಣ್ಣನ್ನೇ ತಣ್ಣಗೆ ಮಾಡುತ್ತಿತ್ತು. ಬದನೆ ಬೀಜಕ್ಕೆ 25ರಿಂದ 30 ಡಿಗ್ರಿ ಬೇಕು. ನಾನು ಒಣಗಿತು ಅಂತ ದಿನಾ ತಣ್ಣೀರು ಬೇರೆ ಚಿಮುಕಿಸುತ್ತಿದ್ದೆ!

ಮುಂದಿನ ವರ್ಷ ಮಣ್ಣನ್ನು ಬಿಸಿನೀರಲ್ಲಿ ಕಲಸಿದೆ. ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಇರುವ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ತಣ್ಣೀರು ಹೀರುವುದೇ ಇಲ್ಲ, ನೀರು ಮೇಲೇ ಮುತ್ತಿನ ಹಾಗೆ ನಿಲ್ಲುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿ, ಟ್ರೇ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ದೋಸೆ ಹಿಟ್ಟು ಹುದುಗಲು ಇಡುವ ಜಾಗದಲ್ಲೇ ಇಟ್ಟೆ. ಅಂದರೆ ಓವನ್ ಒಳಗೆ, ದೀಪ ಮಾತ್ರ ಹಾಕಿ. ನಮ್ಮ ಓವನ್‌ನಲ್ಲಿ ಅದು 28ರ ಆಸುಪಾಸು ನಿಲ್ಲುತ್ತದೆ. ಬಾಗಿಲಿಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಿದ್ದೆ, ಆದರೂ ಒಂದು ದಿನ ಹೆಂಡತಿ "ರೀ, ನಿಮ್ಮ ತೋಟ ಆಚೆ ತೆಗೀರಿ, ಇಲ್ಲಾಂದ್ರೆ ಸುಟ್ಟ ಬದನೆ ಗೊಜ್ಜು ಈಗಲೇ ಆಗುತ್ತೆ" ಅಂದಳು.

ಏಳನೇ ದಿನ ಬಿಳಿ ಕತ್ತು ಬಗ್ಗಿಸಿಕೊಂಡು ಮೊಳಕೆ ಎದ್ದಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಇನ್ನೂ ಮುಚ್ಚಿಟ್ಟಿದ್ದೀಯಾ? ಒಟ್ಲಿಗೆ ಹೊದಿಸಿದ ಹುಲ್ಲನ್ನ ಮೊಳಕೆ ಕಂಡ ದಿನಾನೇ ಸಂಜೆ ತೆಗೀತೀವಿ ಕಣೋ, ಇಲ್ಲಾಂದ್ರೆ ಬುಡ ಕೊಳೆಯುತ್ತೆ" ಅಂದಳು. ತಕ್ಷಣ ಹಾಳೆ ತೆಗೆದು, ಟ್ರೇಯನ್ನು ಜಾಲರಿಯಿಂದ ದೂರ, ಟ್ಯೂಬ್‌ಲೈಟ್ ಕೆಳಗೆ ಇಟ್ಟೆ. ನೀರು ಕೆಳಗಿನ ತಟ್ಟೆಗೆ ಮಾತ್ರ.

ತೆರೆದ ಮೇಲೆ ಮತ್ತೆ ಒಣ ಗಾಳಿಯ ಕಾಟ. ಕೆಲವು ಮೊಳಕೆಗೆ ಬೀಜದ ಸಿಪ್ಪೆ ಟೋಪಿ ಹಾಗೆ ಅಂಟಿಕೊಂಡು ಎಲೆ ಬಿಚ್ಚುವುದೇ ಇಲ್ಲ. ಒಂದನ್ನು ಸುಮ್ನೆ ಎಳೆದೆ, ತಲೆಯೇ ಬಂತು. ಆಮೇಲೆ ಬೆಂಕಿಕಡ್ಡಿ ತುದಿಯಿಂದ ಒಂದು ಹನಿ ನೀರು ಸಿಪ್ಪೆ ಮೇಲೆ ಬಿಟ್ಟು, ಕಾಲು ಗಂಟೆ ಕಾದು, ಇನ್ನೊಂದು ಹನಿ ಬಿಟ್ಟು, ಮೆತ್ತಗಾದ ಮೇಲೆ ಎರಡು ಕಡ್ಡಿಗಳ ನಡುವೆ ಮೆಲ್ಲಗೆ ಜಾರಿಸಿದರೆ ಬಂದುಬಿಡುತ್ತಿತ್ತು.

ನೀರು ಸ್ಪ್ರೇ ಮಾಡುವುದು ದಂಡ, ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಒದ್ದೆ ಬಟ್ಟೆಯ ಸ್ಟ್ಯಾಂಡನ್ನು ಅದೇ ಕೋಣೆಗೆ ತಂದಿಟ್ಟೆ, ಮೀಟರಿನಲ್ಲಿ ಗಾಳಿಯ ತೇವ 30% ದಾಟಿತು.

ಏಪ್ರಿಲ್‌ನಲ್ಲಿ ಎಲೆ ಮೇಲೆ ಸಣ್ಣ ಹಳದಿ ಚುಕ್ಕೆ ಕಂಡವು. ಬಿಳಿ ಹಾಳೆ ಮೇಲೆ ಎಲೆ ಕೊಡವಿದರೆ ಧೂಳಿನಂಥ ಕಣಗಳು ನಡೆದಾಡುತ್ತಿವೆ! ಜೇಡ ನುಸಿ. ಒಣ ಗಾಳಿಯೂ ಬದನೆ ಎಲೆಯೂ ಸಿಕ್ಕರೆ ಅದಕ್ಕೆ ಹಬ್ಬ. ಮೂರು ದಿನಕ್ಕೊಮ್ಮೆ ಪ್ರತಿ ಸಸಿಯನ್ನೂ ತಲೆಕೆಳಗಾಗಿ ಹಿಡಿದು ನಲ್ಲಿ ಕೆಳಗೆ ಎಲೆಯ ಹಿಂಬದಿ ತೊಳೆದೆ. ಎರಡು ಸಸಿ ಹೋದವು. ಉಳಿದ ಹದಿನೆಂಟು, ರಾತ್ರಿ ಚಳಿ 12 ಡಿಗ್ರಿಗಿಂತ ಕೆಳಗಿಳಿಯುವುದು ನಿಂತ ಮೇಲೆ, ಜೂನ್ ಮೊದಲ ವಾರ ನೆಲಕ್ಕೆ ಹೋದವು.